ಕ್ಲಚ್ ಹಿಡಿಯದೆ ಗೇರ್ ಹಾಕಿ ನೋಡಿದಾಗ: ದೋಷ ಕ್ಲಚ್ಚಿನದೋ, ಗೇರ್ ಬಾಕ್ಸಿನದೋ?

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದಾಗ ನನ್ನ 150 ಸಿಸಿ ಬೈಕಿನ ಕ್ಲಚ್ ವೈರ್ ತುಂಡಾಯಿತು. ಎಡಗೈಯ ಲಿವರ್ ಏಕಾಏಕಿ ಹಗುರವಾಗಿ ಹಿಡಿಕೆಗೆ ಬಂದು ಬಡಿಯಿತು. ಉಳಿದ ಇಳಿಜಾರನ್ನೂ ಅಲ್ಲಿಂದ ಮುಂದೆ ಉಜಿರೆಯವರೆಗಿನ ದಾರಿಯನ್ನೂ ಕ್ಲಚ್ ಇಲ್ಲದೆಯೇ ಸಾಗಿಸಿ, ರಸ್ತೆ ಬದಿಯ ಒಂದು ಸಣ್ಣ ಗ್ಯಾರೇಜಿನ ಮುಂದೆ ಬೈಕನ್ನು ನಿಲ್ಲಿಸಿದೆ. ವೈರ್ ತುಂಡಾದ ಸಂಗತಿಯನ್ನು ಕೇಳಿದ ಮೆಕ್ಯಾನಿಕ್‌ಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಎರಡು ತಿಂಗಳಿಂದ ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಸಿಗುತ್ತಿಲ್ಲವೆಂದೂ, ಮೊದಲ ಗೇರ್ ಬೀಳುವಾಗ ಸುತ್ತಿಗೆಯಲ್ಲಿ ಹೊಡೆದಂತೆ ಸದ್ದಾಗುತ್ತದೆಂದೂ, ಗೇರ್ ಫೋರ್ಕ್ (ಒಳಗೆ ಗೇರ್ ಚಕ್ರವನ್ನು ಸರಿಸುವ ಕವಲು) ಹೋಗಿದೆ, ಎಂಜಿನ್ ಬಿಚ್ಚಬೇಕು ಎಂದು ಊರಿನ ಗ್ಯಾರೇಜಿನಲ್ಲಿ ಹೇಳಿದ್ದಾರೆಂದೂ ನಾನು ತಿಳಿಸಿದಾಗ ಮಾತ್ರ ಆತ ತಲೆಯೆತ್ತಿದ. "ವೈರ್ ಹಾಕುವ, ಅದು ದೊಡ್ಡ ಕೆಲಸ ಅಲ್ಲ. ಆದ್ರೆ ಕ್ಲಚ್ ಇಲ್ಲದೆ ಬರುವಾಗ ಗೇರ್ ಹೇಗೆ ಬೀಳ್ತಿತ್ತು ಮಾರಾಯ್ರೆ?"

ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಬೀಳುತ್ತಿತ್ತು ಎಂದೆ. "ಹಾಗಾದ್ರೆ ಎಂಜಿನ್ ಬಿಚ್ಚುವುದು ಬೇಡ" ಎಂದು ಆತ ಪಾನಾ ಹುಡುಕಲು ಒಳಗೆ ಹೋದ.

ಆ ಪ್ರಶ್ನೆಯ ಹಿಂದಿರುವ ತರ್ಕವನ್ನು ವಿವರಿಸುವುದಕ್ಕಾಗಿ ಈ ಬರಹ. ಕ್ಲಚ್ ಬಳಸದೆ ಗೇರ್ ಬದಲಿಸುವುದನ್ನು ನಾವು ಹುಡುಗರ ಚಾಲಾಕಿತನವೆಂದೋ, ವೈರ್ ತುಂಡಾದಾಗಿನ ಅನಿವಾರ್ಯವೆಂದೋ ತಿಳಿದಿರುತ್ತೇವೆ. ಗೇರ್ ಸರಿಯಾಗಿ ಬೀಳದ ಬೈಕಿನಲ್ಲಿ ದೋಷ ಎಲ್ಲಿದೆಯೆಂದು ಒಂದೇ ಒಂದು ನಟ್ಟನ್ನೂ ಬಿಚ್ಚದೆ ಕಂಡುಕೊಳ್ಳಲು ಅದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಒಳಗೆ ನಡೆಯುವುದೇನು

ಬೈಕಿನ ಗೇರ್ ಬಾಕ್ಸಿನಲ್ಲಿ ಎರಡು ಶಾಫ್ಟುಗಳಿದ್ದು, ಅವುಗಳ ಮೇಲಿನ ಗೇರ್ ಚಕ್ರಗಳ ಜೋಡಿಗಳೆಲ್ಲ ಸದಾಕಾಲ ಒಂದಕ್ಕೊಂದು ಹಲ್ಲು ಕಚ್ಚಿಕೊಂಡೇ ಇರುತ್ತವೆ. ಪ್ರತಿ ಜೋಡಿಯಲ್ಲಿಯೂ ಒಂದು ಚಕ್ರವು ತನ್ನ ಶಾಫ್ಟಿನೊಂದಿಗೆ ತಿರುಗಿದರೆ, ಇನ್ನೊಂದು ತನ್ನ ಶಾಫ್ಟಿನ ಮೇಲೆ ಸುಮ್ಮನೆ ಸುತ್ತುತ್ತಿರುತ್ತದೆ. ಗೇರ್ ಬೀಳುವುದೆಂದರೆ ಹೀಗೆ ಸುಮ್ಮನೆ ಸುತ್ತುವ ಚಕ್ರವನ್ನು ಪಕ್ಕದ ಚಕ್ರವೊಂದು ಸರಿದು ಬಂದು ಹಿಡಿದುಕೊಳ್ಳುವುದು. ಹೀಗೆ ಹಿಡಿದುಕೊಳ್ಳಲು ಚಕ್ರದ ಪಕ್ಕೆಯಲ್ಲಿ ಗಿಡ್ಡನೆಯ ದಪ್ಪ ಹಲ್ಲುಗಳಿರುತ್ತವೆ. ಗ್ಯಾರೇಜಿನ ಭಾಷೆಯಲ್ಲಿ ಇವು ಡಾಗ್‌ಗಳು. ನಾವು ಕಾಲಿನಿಂದ ಲಿವರ್ ಒತ್ತಿದಾಗ ಗೇರ್ ಡ್ರಮ್ ಸ್ವಲ್ಪ ತಿರುಗುತ್ತದೆ, ಡ್ರಮ್ಮಿನ ಮೇಲೆ ಕೊರೆದ ತೋಡಿನಲ್ಲಿ ಕೂತ ಫೋರ್ಕ್ ಪಕ್ಕಕ್ಕೆ ಸರಿಯುತ್ತದೆ, ಫೋರ್ಕಿನ ಕವಲಿನಲ್ಲಿರುವ ಚಕ್ರವು ಅದರೊಂದಿಗೆ ಸರಿದು ಡಾಗನ್ನು ಎದುರಿನ ಸಂದಿಗೆ ತೂರಿಸುತ್ತದೆ.

ಎಂಜಿನ್ ಬೈಕಿನ ಹಿಂದಿನ ಚಕ್ರವನ್ನು ಎಳೆಯುತ್ತಿರುವಾಗ ಡಾಗ್‌ಗಳು ಒಂದನ್ನೊಂದು ಬಿಗಿಯಾಗಿ ಅದುಮಿಕೊಂಡಿರುತ್ತವೆ. ಆ ಒತ್ತಡವಿರುವವರೆಗೆ ಅವನ್ನು ಕಾಲಿನ ಬಲದಿಂದ ಬಿಡಿಸುವುದು ಕಷ್ಟ. ಕ್ಲಚ್ಚಿನ ಕೆಲಸ ಈ ಒತ್ತಡವನ್ನು ತೆಗೆಯುವುದು. ಆದರೆ ಒತ್ತಡವನ್ನು ತೆಗೆಯಲು ಇನ್ನೊಂದು ದಾರಿಯೂ ಇದೆ. ಆಕ್ಸಿಲರೇಟರನ್ನು ಥಟ್ಟನೆ ಮುಚ್ಚಿದರೆ, ಎಂಜಿನ್ ಚಕ್ರವನ್ನು ಎಳೆಯುವ ಸ್ಥಿತಿಯಿಂದ ಚಕ್ರವೇ ಎಂಜಿನ್ನನ್ನು ತಳ್ಳುವ ಸ್ಥಿತಿಗೆ ಬರುವ ನಡುವೆ ಒಂದು ಕ್ಷಣ ಒತ್ತಡ ಸೊನ್ನೆಯಾಗುತ್ತದೆ. ಅದೇ ಕ್ಷಣಕ್ಕೆ ಕಾಲು ಸಿದ್ಧವಾಗಿದ್ದರೆ ಗೇರ್ ತಾನಾಗಿ ಜಾರಿ ಕೂರುತ್ತದೆ. ಹೀಗೆ ಬದಲಿಸಿದಾಗ ಕ್ಲಚ್ಚಿನ ಪ್ಲೇಟುಗಳು, ವೈರು, ಲಿವರು ಇವೆಲ್ಲ ಲೆಕ್ಕದಿಂದ ಹೊರಗುಳಿಯುತ್ತವೆ. ಗೇರ್ ಬಾಕ್ಸ್ ಒಂಟಿಯಾಗಿ ಪರೀಕ್ಷೆಗೆ ನಿಲ್ಲುತ್ತದೆ ಎಂಬುದೇ ಇಲ್ಲಿನ ಗುಟ್ಟು.

ಪರೀಕ್ಷೆ ಮಾಡುವ ಬಗೆ

ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ತಣ್ಣಗಿನ ಬೈಕಿನಲ್ಲಿ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ವಾಹನಗಳಿಲ್ಲದ, ನೇರವಾದ, ಒಣಗಿದ ರಸ್ತೆಯನ್ನು ಆರಿಸಿಕೊಳ್ಳಿ. ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ. ಎರಡನೆಯ ಗೇರಿನಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹಿತವಾಗಿ ಎಳೆಯುತ್ತಿರುವಾಗ, ಮೇಲಿನ ಗೇರಿನ ದಿಕ್ಕಿಗೆ ಲಿವರಿನ ಮೇಲೆ ಕಾಲಿನ ಭಾರವನ್ನು ಮೆಲ್ಲಗೆ ಇಡಿ. ಒದೆಯಬೇಡಿ, ಭಾರವನ್ನಷ್ಟೇ ಇಡಿ. ನಂತರ ಆಕ್ಸಿಲರೇಟರನ್ನು ಚಕ್ಕನೆ ಮುಚ್ಚಿ, ಗೇರ್ ಬಿದ್ದದ್ದು ಕಾಲಿಗೆ ತಿಳಿದ ಕೂಡಲೇ ಮತ್ತೆ ತೆರೆಯಿರಿ. ಮೂರರಿಂದ ನಾಲ್ಕಕ್ಕೆ, ನಾಲ್ಕರಿಂದ ಐದಕ್ಕೆ ಹೀಗೆಯೇ ಮಾಡಿ, ಪ್ರತಿಯೊಂದನ್ನೂ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಮಾಡದೆ ನಿಲ್ಲಿಸಿ. ಅಳುಕುತ್ತ ಅರೆಮನಸ್ಸಿನಿಂದ ಒತ್ತಿದಾಗ ಡಾಗ್‌ಗಳ ಅಂಚು ಅಂಚಿಗೆ ಉಜ್ಜಿ ಸವೆಯುವುದರಿಂದ, ಈ ಪರೀಕ್ಷೆಯನ್ನೇ ಅಭ್ಯಾಸವಾಗಿಸಿಕೊಂಡರೆ ಇಲ್ಲದ ದೋಷವನ್ನು ನಾವೇ ತಂದುಕೊಂಡಂತಾಗುತ್ತದೆ.

ಒಂದರಿಂದ ಎರಡಕ್ಕೆ ಹೋಗುವುದನ್ನು ಪರೀಕ್ಷೆಯಿಂದ ಹೊರಗಿಡುವಂತೆ ನಾನು ಹೇಳುವುದಕ್ಕೆ ಕಾರಣವಿದೆ. ಮೊದಲ ಗೇರಿನ ಅನುಪಾತ 3.0, ಎರಡನೆಯದು 1.9 ಎಂದಿಟ್ಟುಕೊಳ್ಳಿ, ನಿಮಿಷಕ್ಕೆ 4,500 ಸುತ್ತು ತಿರುಗುತ್ತಿದ್ದ ಎಂಜಿನ್ ಎರಡನೆಯ ಗೇರಿಗೆ ಬಂದಾಗ 2,850ಕ್ಕೆ ಇಳಿಯಬೇಕು. ನಾಲ್ಕನೆಯದು 1.15, ಐದನೆಯದು 0.95 ಆಗಿದ್ದರೆ ಅದೇ 4,500 ಸುತ್ತು ಸುಮಾರು 3,700ಕ್ಕೆ ಇಳಿದರೆ ಸಾಕು. ಅಂತರ ದೊಡ್ಡದಾದಷ್ಟೂ ಹೊಡೆತ ದೊಡ್ಡದು. ಒಂದರಿಂದ ಎರಡಕ್ಕೆ ಬರುವಾಗ ನಡುವೆ ನ್ಯೂಟ್ರಲ್ ಕೂಡ ಕಾದು ಕುಳಿತಿರುತ್ತದೆ. ಆರೋಗ್ಯವಂತ ಗೇರ್ ಬಾಕ್ಸ್ ಕೂಡ ಅಲ್ಲಿ ತಕರಾರು ಮಾಡಬಲ್ಲದು.

ಚಲಿಸುವಾಗಿನ ಪರೀಕ್ಷೆ ಮುಗಿದ ಮೇಲೆ ನಿಂತಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಎಂಜಿನ್ ಓಡುತ್ತಿರುವಾಗ ಕ್ಲಚ್ ಹಿಡಿದು ಮೊದಲ ಗೇರಿನಿಂದ ನ್ಯೂಟ್ರಲ್ಲಿಗೆ ತರಲು ಪ್ರಯತ್ನಿಸಿ. ಬಾರದಿದ್ದರೆ ಕ್ಲಚ್ ಹಿಡಿದೇ ಎಂಜಿನ್ ಆರಿಸಿ, ಬೈಕನ್ನು ಅಂಗೈ ಅಗಲದಷ್ಟು ಹಿಂದೆ ಮುಂದೆ ಆಡಿಸುತ್ತ ಮತ್ತೆ ಪ್ರಯತ್ನಿಸಿ. ಆರಿಸಿದ ಕೂಡಲೇ ನ್ಯೂಟ್ರಲ್ ಸಲೀಸಾಗಿ ಸಿಕ್ಕಿತೇ, ಆಗಲೂ ಸಿಗಲಿಲ್ಲವೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಗ್ಯಾರೇಜಿನಲ್ಲಿ ನಿಂತು ನೆನಪಿನಿಂದ ಹೇಳಲು ಹೊರಟಾಗ ಎಲ್ಲವೂ ಕಲಸಿಹೋಗುತ್ತದೆ.

ಕ್ಲಚ್ ಹಿಡಿದರೆ ಕಷ್ಟ, ಬಿಟ್ಟರೆ ಸಲೀಸು

ನನ್ನ ಬೈಕಿನ ದೋಷ ಇದೇ ಆಗಿತ್ತು. ಹಳೆಯ ಬೈಕುಗಳಲ್ಲಿ ಬಹಳವಾಗಿ ಕಾಣುವುದೂ ಇದೇ. ಚಲಿಸುವಾಗ ಕ್ಲಚ್ ಇಲ್ಲದೆ ಗೇರ್ ಸಲೀಸಾಗಿ ಬೀಳುತ್ತದೆ. ನಿಂತಾಗ ಕ್ಲಚ್ ಹಿಡಿದರೂ ಮೊದಲ ಗೇರ್ ದಡ್ಡನೆ ಬಿದ್ದು ಬೈಕ್ ಮುಂದಕ್ಕೆ ಕುಪ್ಪಳಿಸುತ್ತದೆ. ನ್ಯೂಟ್ರಲ್ ಸಿಗುವುದಿಲ್ಲ, ಎಂಜಿನ್ ಆರಿಸಿದರೆ ಸಿಗುತ್ತದೆ. ಇದರ ಅರ್ಥ ಒಂದೇ: ಕ್ಲಚ್ ಪೂರ್ತಿಯಾಗಿ ಕಟ್ ಆಗುತ್ತಿಲ್ಲ. ಲಿವರನ್ನು ಹಿಡಿಕೆಯವರೆಗೆ ಎಳೆದರೂ ಪ್ಲೇಟುಗಳು ಒಂದನ್ನೊಂದು ಸ್ವಲ್ಪ ಹಿಡಿದುಕೊಂಡೇ ಇದ್ದು, ಎಂಜಿನ್ನಿನ ಸುತ್ತು ಒಳಗಿನ ಶಾಫ್ಟಿಗೆ ಸೋರುತ್ತಿದೆ. ಡಾಗ್‌ಗಳ ಮೇಲೆ ಒತ್ತಡ ಉಳಿಯುವುದರಿಂದ ನ್ಯೂಟ್ರಲ್ಲಿಗೆ ಬಿಡುವುದಿಲ್ಲ. ಒಂದು ಶಾಫ್ಟ್ ತಿರುಗುತ್ತಿದ್ದು ಇನ್ನೊಂದು ನಿಂತಿರುವುದರಿಂದ ಮೊದಲ ಗೇರ್ ಬಡಿದು ಬೀಳುತ್ತದೆ. ಗೇರ್ ಬಾಕ್ಸಿನದು ಇದರಲ್ಲಿ ಏನೂ ತಪ್ಪಿಲ್ಲ. ಈ ಲಕ್ಷಣಗಳನ್ನು ನೋಡಿ ಎಂಜಿನ್ ಬಿಚ್ಚಿಸುವುದು, ಹಲ್ಲುನೋವಿಗೆ ಕಿವಿ ಕತ್ತರಿಸಿದಂತೆ.

ಖಚಿತಪಡಿಸಿಕೊಳ್ಳಲು ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ಹಾಕಿ, ಎಂಜಿನ್ ಓಡಿಸಿ, ಕ್ಲಚ್ ಹಿಡಿದು ಮೊದಲ ಗೇರ್ ಹಾಕಿ. ಹಿಂದಿನ ಚಕ್ರ ನಿಧಾನವಾಗಿ ತಿರುಗಿದರೆ ಗಾಬರಿ ಬೇಡ. ಪ್ಲೇಟುಗಳ ನಡುವಿನ ಎಣ್ಣೆಯ ಅಂಟಿನಿಂದ ಅಷ್ಟು ಆಗುವುದು ಸಹಜ. ಈಗ ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ. ಚಕ್ರ ಸಲೀಸಾಗಿ ನಿಂತು ಎಂಜಿನ್ನಿನ ಸದ್ದು ಬದಲಾಗದಿದ್ದರೆ ಕ್ಲಚ್ ಸರಿಯಿದೆ. ಬ್ರೇಕ್ ಒತ್ತಿದಾಗ ಎಂಜಿನ್ ಕುಗ್ಗಿದರೆ ಅಥವಾ ಆರಿಹೋದರೆ ಕ್ಲಚ್ ಕಟ್ ಆಗುತ್ತಿಲ್ಲ. ಚಕ್ರವನ್ನು ಕೈಯಿಂದಲೋ ಕಾಲಿನಿಂದಲೋ ನಿಲ್ಲಿಸಲು ಹೋಗಬಾರದು. ಚೈನಿಗೂ ಸ್ಪ್ರಾಕೆಟಿಗೂ ನಡುವೆ ಬೆರಳು ಹೋದರೆ ಹಿಂದಿರುಗುವುದಿಲ್ಲ.

ಇನ್ನು ಕಾರಣ ಹುಡುಕುವಾಗ ಹೊರಗಿನಿಂದ ಒಳಕ್ಕೆ ಹೋಗಬೇಕು. ಮೊದಲು ಎಂಜಿನ್ನಿನ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಮುಟ್ಟದಿದ್ದಾಗ ಅದು ಸುತ್ತುವ ವೇಗ ನೋಡಿ. ನಮ್ಮ ಸಾಮಾನ್ಯ ಬೈಕುಗಳಲ್ಲಿ ಅದು ನಿಮಿಷಕ್ಕೆ 1,300ರಿಂದ 1,500 ಸುತ್ತಿನ ಆಸುಪಾಸಿನಲ್ಲಿರುತ್ತದೆ. ಚಳಿಗಾಲದಲ್ಲಿ ಎಂಜಿನ್ ಆರುತ್ತದೆಂದು ಯಾರೋ ಸ್ಕ್ರೂ ತಿರುಗಿಸಿ 2,000ಕ್ಕೆ ಏರಿಸಿ ಹಾಗೆಯೇ ಬಿಟ್ಟಿದ್ದರೆ, ಸರಿಯಿರುವ ಕ್ಲಚ್ ಕೂಡ ಮೊದಲ ಗೇರಿಗೆ ಸದ್ದು ಮಾಡುತ್ತದೆ.

ನಂತರದ ಸರದಿ ಕ್ಲಚ್ ಲಿವರಿನ ಸಡಿಲದ್ದು. ಲಿವರಿನ ತುದಿಯಲ್ಲಿ ಬಿಗಿ ಹತ್ತುವ ಮೊದಲು ಎಷ್ಟು ದೂರ ಸುಮ್ಮನೆ ಬರುತ್ತದೆಂದು ಅಳೆಯಿರಿ. ಹೆಚ್ಚಿನ ಬೈಕುಗಳಲ್ಲಿ ಇದು 10ರಿಂದ 20 ಮಿ.ಮೀ. ಇರಬೇಕು, ನಿಮ್ಮ ಬೈಕಿನ ಕೈಪಿಡಿಯಲ್ಲಿರುವ ಅಳತೆಯೇ ಅಂತಿಮ. ಸಡಿಲ ಹೆಚ್ಚಾದರೆ ಕ್ಲಚ್ ಕಟ್ ಆಗುವುದಿಲ್ಲ, ಸಡಿಲವೇ ಇಲ್ಲದಿದ್ದರೆ ಕ್ಲಚ್ ಜಾರುತ್ತದೆ. ಜಾರುವುದೆಂದರೆ ಎಂಜಿನ್ ಕೂಗುತ್ತದೆ, ಬೈಕ್ ಓಡುವುದಿಲ್ಲ. ಇವೆರಡನ್ನೂ ಒಂದೇ ಕಾಯಿಲೆಯೆಂದು ತಿಳಿದು, ಗೇರ್ ಗಟ್ಟಿಯಾಗಿದೆ ಎಂದ ಕೂಡಲೇ ವೈರನ್ನು ವೀಣೆಯ ತಂತಿಯಂತೆ ಬಿಗಿಯುವವರಿದ್ದಾರೆ. ಸ್ವಲ್ಪ ದಿನ ಗೇರ್ ಚೆನ್ನಾಗಿ ಬೀಳುತ್ತದೆ, ಆಮೇಲೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ಅಳೆಯುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡುವುದನ್ನು ಮರೆಯಬೇಡಿ. ಸಡಿಲ ಬದಲಾದರೆ ವೈರ್ ಹಾಯಿಸಿದ ದಾರಿಯೇ ತಪ್ಪಾಗಿದೆ.

ವೈರನ್ನು ಲಿವರಿನಿಂದ ಬಿಡಿಸಿ ತುದಿಯ ಸೀಸದ ಗುಂಡನ್ನು ಬೆಳಕಿಗೆ ಹಿಡಿದು ನೋಡಿ. ಆ ಗುಂಡು ಲಿವರಿನ ತೂತಿನೊಳಗೆ ಸರಾಗವಾಗಿ ತಿರುಗಬೇಕು. ಗ್ರೀಸ್ ಒಣಗಿ ಅದು ಕಚ್ಚಿಕೊಂಡರೆ, ಪ್ರತಿ ಸಲ ಕ್ಲಚ್ ಹಿಡಿದಾಗಲೂ ವೈರು ಗುಂಡಿನ ಬುಡದಲ್ಲಿಯೇ ಬಾಗುತ್ತದೆ. ಬಾಗಿ ಬಾಗಿ ಒಂದೊಂದೇ ಎಳೆ ತುಂಡಾಗಿ, ಹೊರಚಾಚಿದ ಎಳೆಗಳು ಹಳೆಯ ಪೊರಕೆಯಂತೆ ಕಾಣುತ್ತವೆ. ಚಾರ್ಮಾಡಿಯಲ್ಲಿ ತುಂಡಾದ ನನ್ನ ವೈರಿನಲ್ಲಿ ಬಹುಪಾಲು ಎಳೆಗಳ ತುದಿಗೆ ತುಕ್ಕು ಹಿಡಿದಿತ್ತು, ಐದಾರು ಎಳೆಗಳ ತುದಿ ಮಾತ್ರ ಹೊಳೆಯುತ್ತಿತ್ತು. ಅಂದರೆ ಆ ಐದಾರು ಎಳೆಗಳ ಮೇಲೆಯೇ ಬೈಕ್ ಬಹಳ ದಿನ ಓಡಿತ್ತು. ಎಳೆಗಳು ಕಡಿದಂತೆಲ್ಲ ವೈರು ಜಗ್ಗಿ ಉದ್ದವಾಗುವುದರಿಂದ, ಮೇಲಿಂದ ಮೇಲೆ ಸಡಿಲ ಹೊಂದಿಸಬೇಕಾಗಿ ಬರುವುದೇ ಮುನ್ಸೂಚನೆ. ಲಿವರಿನ ತಿರುಗಣಿ ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೂ ಎಳೆತದ ಒಂದಿಷ್ಟು ಭಾಗ ಅಲ್ಲಿಯೇ ವ್ಯರ್ಥವಾಗುತ್ತದೆ. ಎಂಜಿನ್ ಬದಿಯಲ್ಲಿ ವೈರು ಕಟ್ಟಿರುವ ಸಣ್ಣ ತೋಳನ್ನೂ ನೋಡಿ: ಕ್ಲಚ್ ಕೆಲಸ ಮಾಡಿಸಿದ ಮೇಲೆ ಅದನ್ನು ಒಂದು ಹಲ್ಲು ಆಚೀಚೆ ಕೂರಿಸಿದ್ದರೆ, ಲಿವರ್ ಎಷ್ಟು ಎಳೆದರೂ ಪ್ಲೇಟುಗಳು ಬೇಕಾದಷ್ಟು ಎತ್ತಿಕೊಳ್ಳುವುದಿಲ್ಲ.

ಎಣ್ಣೆಯ ಬಗ್ಗೆ ಎರಡು ಮಾತು. ನಮ್ಮಲ್ಲಿನ ಬಹುಪಾಲು ಬೈಕುಗಳ ಕ್ಲಚ್ ಎಂಜಿನ್ ಆಯಿಲ್ಲಿನಲ್ಲಿಯೇ ಮುಳುಗಿರುತ್ತದೆ. ಡಬ್ಬಿಯ ಮೇಲೆ ಜಾಸೊ (ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಎಂದು ನಮೂದಾಗಿರುವ ಎಣ್ಣೆ ಇಂಥ ಕ್ಲಚ್ಚಿಗಾಗಿ. ಎಂಬಿ ಎಂದಿರುವುದು ಒಣ ಕ್ಲಚ್ಚಿನ ಸ್ಕೂಟರ್‌ಗಳಿಗೆ. ಬೈಕಿಗೆ 10ಡಬ್ಲ್ಯೂ-30 ಸೂಚಿಸಿದ್ದಲ್ಲಿ ಅದಕ್ಕಿಂತ ಗಟ್ಟಿ ಎಣ್ಣೆಯಾದ 20ಡಬ್ಲ್ಯೂ-50 ಸುರಿದರೆ ಬೆಳಗಿನ ತಂಪಿನಲ್ಲಿ ಪ್ಲೇಟುಗಳು ದೋಸೆ ಹಿಟ್ಟಿಗೆ ಅಂಟಿದ ಹಾಗೆ ಅಂಟಿಕೊಳ್ಳುತ್ತವೆ. ಮಟ್ಟ ಮೀರಿ ತುಂಬಿಸಿದ್ದರೂ ಅದೇ ಪಾಡು. ಬೆಳಗಿನ ಮೊದಲ ಗೇರಿಗೆ ಮಾತ್ರ ಸದ್ದಾಗಿ ಆಮೇಲೆ ದಿನವಿಡೀ ಸರಿಯಿದ್ದರೆ, ಅದನ್ನು ದೋಷವೆಂದು ಎಣಿಸಬೇಕಿಲ್ಲ. ಕ್ಲಚ್ಚನ್ನು ನಾಲ್ಕೈದು ಸಲ ಹಿಡಿದು ಬಿಟ್ಟು ಗೇರ್ ಹಾಕಿದರೆ ಸಾಕು.

ಇಷ್ಟೆಲ್ಲ ಸರಿಯಿದ್ದೂ ಕ್ಲಚ್ ಕಟ್ ಆಗದಿದ್ದರೆ ಬಲಗಡೆಯ ಕವರನ್ನು ತೆಗೆಯಬೇಕು. ಇದಕ್ಕೆ ಎಣ್ಣೆ ಇಳಿಸಿ, ಹೊಸ ಗ್ಯಾಸ್ಕೆಟ್ ಹಾಕಬೇಕಾಗುತ್ತದೆ, ಎಂಜಿನ್ ಇಳಿಸಬೇಕಿಲ್ಲ. ಒಳಗಿನ ಉಕ್ಕಿನ ಪ್ಲೇಟುಗಳನ್ನು ಒರೆಸಿ ಒಂದೊಂದಾಗಿ ದಪ್ಪ ಗಾಜಿನ ಮೇಲಿಟ್ಟು, ಅಂಚಿನ ಕೆಳಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ ನೋಡಬೇಕು. 0.2 ಮಿ.ಮೀ. ಎಲೆ ಸಲೀಸಾಗಿ ತೂರಿದರೆ ಪ್ಲೇಟ್ ಸೊಟ್ಟಗಾಗಿದೆ ಎಂದು ಅನುಮಾನಿಸಿ, ನಿಮ್ಮ ಬೈಕಿನ ಸರ್ವಿಸ್ ಕೈಪಿಡಿಯ ಮಿತಿಯೊಂದಿಗೆ ಹೋಲಿಸಿ. ಪ್ಲೇಟುಗಳು ನೇರವಾಗಿದ್ದರೆ ಅವು ಕೂರುವ ಬಟ್ಟಲನ್ನು, ಅಂದರೆ ಹೌಸಿಂಗ್ ನೋಡಿ. ಘರ್ಷಣೆಯ ಪ್ಲೇಟುಗಳ ಕಿವಿಗಳು ಅಲ್ಯೂಮಿನಿಯಂ ಹೌಸಿಂಗಿನ ಬೆರಳುಗಳಿಗೆ ಸಾವಿರಾರು ಸಲ ಬಡಿದು ಅಲ್ಲಿ ಕಚ್ಚುಗಳನ್ನು ಕೊರೆಯುತ್ತವೆ. ಕ್ಲಚ್ ಹಿಡಿದಾಗ ಪ್ಲೇಟುಗಳು ಜಾರಿ ದೂರವಾಗಬೇಕು. ಕಿವಿಗಳು ಕಚ್ಚಿನಲ್ಲಿ ಸಿಕ್ಕಿಕೊಂಡರೆ ಅವು ಇದ್ದಲ್ಲಿಯೇ ಉಳಿಯುತ್ತವೆ. ಉಜಿರೆಯ ಮೆಕ್ಯಾನಿಕ್ ಕವರ್ ತೆಗೆದು, ನನ್ನ ಬೆರಳನ್ನು ಹಿಡಿದು ಆ ಹೌಸಿಂಗಿನ ಬೆರಳಿನ ಮೇಲೆ ಎಳೆಸಿದ. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂತೆ ಕಟಕಟನೆ ಸಿಕ್ಕಿಕೊಂಡಿತು. ಕಚ್ಚು ತೆಳುವಾಗಿದ್ದರೆ ಸಣ್ಣ ಅರದಿಂದ ಎಲ್ಲ ಬೆರಳುಗಳನ್ನೂ ಸಮನಾಗಿ ಉಜ್ಜಿ ನಯ ಮಾಡಬಹುದು. ಆಳವಾಗಿದ್ದರೆ ಹೊಸ ಹೌಸಿಂಗ್ ಹಾಕುವುದೇ ಸರಿ, ಏಕೆಂದರೆ ಉಜ್ಜಿದಷ್ಟೂ ಕಿವಿಗೂ ಬೆರಳಿಗೂ ನಡುವಿನ ಸಂದಿ ಹೆಚ್ಚಿ ಹೊಡೆತ ಜೋರಾಗುತ್ತದೆ. ನನ್ನದು ಉಜ್ಜುವ ಹಂತ ದಾಟಿತ್ತು.

ಎರಡೂ ಬಗೆಯಲ್ಲಿ ಕಷ್ಟ

ಕ್ಲಚ್ ಹಿಡಿದರೂ ಬಿಟ್ಟರೂ ಎಲ್ಲ ಗೇರುಗಳೂ ಗಟ್ಟಿಯಾಗಿದ್ದರೆ ಕ್ಲಚ್ಚನ್ನು ಅನುಮಾನದಿಂದ ಬಿಡಬಹುದು. ಆದರೂ ಗೇರ್ ಬಾಕ್ಸಿನವರೆಗೆ ಹೋಗುವ ಮೊದಲು ಗೇರ್ ಲಿವರಿನ ಬಳಿ ಕುಕ್ಕರಗಾಲಿನಲ್ಲಿ ಕೂತು ನೋಡಬೇಕು. ಬೈಕ್ ಎಂದಾದರೂ ಎಡಕ್ಕೆ ಬಿದ್ದಿದ್ದರೆ ಲಿವರ್ ಒಳಕ್ಕೆ ಬಾಗಿ ಎಂಜಿನ್ ಕವರಿಗೋ, ಫುಟ್‌ರೆಸ್ಟಿಗೋ ತಾಗುತ್ತಿರಬಹುದು. ತಾಗಿದಲ್ಲಿ ಬಣ್ಣ ಹೋಗಿ ಹೊಳೆಯುವ ಗೀರು ಇರುತ್ತದೆ. ಲಿವರ್ ಕೂತಿರುವ ಶಾಫ್ಟಿನ ಗೀರುಹಲ್ಲುಗಳು ಸವೆದು ಬೋಲ್ಟ್ ಸಡಿಲವಾಗಿದ್ದರೆ ಕಾಲಿನ ಒತ್ತಡದ ಅರ್ಧ ಅಲ್ಲಿಯೇ ಮುಗಿಯುತ್ತದೆ. ಸರಳು ಮತ್ತು ಗುಂಡುಕೀಲಿನ ಜೋಡಣೆಯಿದ್ದರೆ ಕೀಲುಗಳಲ್ಲಿ ಕೆಸರು ಕೂತಿದೆಯೇ ನೋಡಿ. ಮಳೆಗಾಲದ ದಪ್ಪ ಬೂಟು ಲಿವರಿನ ಕೆಳಗೆ ತೂರದೆ ಗೇರ್ ಬೀಳದಿದ್ದ ಪ್ರಕರಣವನ್ನೂ ನಾನು ಕಂಡಿದ್ದೇನೆ; ಆ ಸವಾರರು ಅದಾಗಲೇ ಎಣ್ಣೆಯನ್ನು ಎರಡು ಸಲ ಬದಲಿಸಿದ್ದರು.

ಬಹಳ ಜನ ಮರೆಯುವುದು ಚೈನನ್ನು. ಸಾಮಾನ್ಯ ಬೈಕುಗಳಲ್ಲಿ ಚೈನಿನ ಕೆಳಭಾಗ ನಡುವಿನಲ್ಲಿ 20ರಿಂದ 30 ಮಿ.ಮೀ. ಮೇಲೆ ಕೆಳಗೆ ಆಡಬೇಕು. ಅತಿಯಾಗಿ ಬಿಗಿದ ಚೈನ್ ಗೇರ್ ಬಾಕ್ಸಿನ ಹೊರಶಾಫ್ಟನ್ನು ಸದಾ ಹಿಂದಕ್ಕೆ ಜಗ್ಗಿ ಹಿಡಿದಿರುತ್ತದೆ. ಬೈಕಿನ ಮೇಲೆ ಇಬ್ಬರು ಕೂತಾಗ ಅದು ಇನ್ನೂ ಬಿಗಿಯಾಗುತ್ತದೆ. ಅತಿ ಸಡಿಲವಾದರೆ ಆಕ್ಸಿಲರೇಟರ್ ಮುಚ್ಚಿದಾಗ ಚೈನ್ ಚಾಟಿಯಂತೆ ಬಡಿದು, ಒತ್ತಡ ಸೊನ್ನೆಯಾಗುವ ಆ ಕ್ಷಣ ಕೈಗೆ ಸಿಗುವುದೇ ಇಲ್ಲ. ಚಕ್ರವನ್ನು ಕೈಯಿಂದ ಸುತ್ತಿಸಿ, ಚೈನ್ ಎಲ್ಲಿ ಹೆಚ್ಚು ಬಿಗಿಯಾಗಿದೆಯೋ ಅಲ್ಲಿ ಅಳತೆ ಮಾಡಬೇಕು.

ಲಿವರನ್ನು ಒತ್ತಿ ಬಿಟ್ಟ ಮೇಲೆ ಅದು ತನ್ನ ಜಾಗಕ್ಕೆ ಮರಳದೆ ಸತ್ತಂತೆ ನೇತಾಡಿದರೆ ಹಿಂದೆಳೆಯುವ ಸ್ಪ್ರಿಂಗ್ ಮುರಿದಿದೆ. ಒಂದು ಗೇರಿಗೆ ಹೋಗಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ ಎಂಬುದೂ ಹೆಚ್ಚಾಗಿ ಇದರದೇ ಕುಟುಂಬದ ದೋಷ. ಹಲವು ಬೈಕುಗಳಲ್ಲಿ ಈ ಸ್ಪ್ರಿಂಗು, ಡ್ರಮ್ಮನ್ನು ತಿರುಗಿಸುವ ಕೊಕ್ಕೆ, ಡ್ರಮ್ಮನ್ನು ಪ್ರತಿ ಗೇರಿನಲ್ಲಿ ಹಿಡಿದು ನಿಲ್ಲಿಸುವ ಉರುಳೆ ಇವೆಲ್ಲ ಕ್ಲಚ್ ಕವರಿನ ಹಿಂದೆಯೇ ಇರುತ್ತವೆ. ಆದ್ದರಿಂದ "ಗೇರ್ ಸಿಕ್ಕಿಕೊಂಡಿದೆ, ಪೂರ್ತಿ ಎಂಜಿನ್ ಇಳಿಸಬೇಕು" ಎಂದವರನ್ನು, ಕವರ್ ತೆಗೆದು ನೋಡಿದಿರಾ ಎಂದು ಒಮ್ಮೆ ವಿಚಾರಿಸುವುದರಲ್ಲಿ ತಪ್ಪಿಲ್ಲ.

ಒಂದೇ ಗೇರಿನ ತಕರಾರು

ಚಲಿಸುವಾಗ ಉಳಿದ ಗೇರುಗಳೆಲ್ಲ ಚೆನ್ನಾಗಿದ್ದು ಒಂದೇ ಒಂದು ಗೇರ್ ಹಟ ಮಾಡಿದರೆ ದೋಷ ಗೇರ್ ಬಾಕ್ಸಿನೊಳಗೇ ಇದೆ. ಕ್ಲಚ್ ಎಲ್ಲ ಗೇರುಗಳಿಗೂ ಒಂದೇ. ಅದು ಎರಡನೆಯದಕ್ಕೆ ಮುನಿದು ಮೂರನೆಯದಕ್ಕೆ ಒಲಿಯುವುದಿಲ್ಲ.

ನಾಲ್ಕರಿಂದ ಐದಕ್ಕೆ ಹೋಗುವಾಗ ಎರಡೂ ಅಲ್ಲದ ಖಾಲಿ ಜಾಗದಲ್ಲಿ ನಿಂತು ಎಂಜಿನ್ ಸುಮ್ಮನೆ ಕೂಗಿದರೆ ಅದು ಸುಳ್ಳು ನ್ಯೂಟ್ರಲ್. ಅಪರೂಪಕ್ಕೆ ಆದರೆ ಕಾಲು ಪೂರ್ತಿ ಒತ್ತಿಲ್ಲವೆಂದು ತಿಳಿಯಿರಿ. ಕಾಲು ಖಚಿತವಾಗಿದ್ದೂ ಮತ್ತೆ ಮತ್ತೆ ಆದರೆ ಉರುಳೆಯ ಸ್ಪ್ರಿಂಗ್ ಸೋತಿರುವುದನ್ನು ಮೊದಲು, ಫೋರ್ಕ್ ಬಾಗಿರುವುದನ್ನು ಆಮೇಲೆ ಅನುಮಾನಿಸಬೇಕು. ಬಲಗಾಲಿನ ಗೇರಿದ್ದ ಹಳೆಯ ನಾಲ್ಕು ಗೇರಿನ ಬುಲೆಟ್‌ಗಳಲ್ಲಿ ಸುಳ್ಳು ನ್ಯೂಟ್ರಲ್ ಎಂಬುದು ಮನೆಮಾತು. ಅದರ ಗೇರ್ ಬಾಕ್ಸ್ ಎಂಜಿನ್ನಿನಿಂದ ಬೇರೆಯಾಗಿದ್ದು, ಹೊರಕವರಿನೊಳಗೆ ಕಾಲೊತ್ತಿನ ಮಿತಿಯನ್ನು ಹೊಂದಿಸುವ ತಗಡೊಂದಿದೆ; ಅದನ್ನು ಕೂದಲೆಳೆಯಷ್ಟು ಸರಿಸಿ ಬಿಗಿಯುವುದರಿಂದಲೇ ಹಲವು ಬುಲೆಟ್‌ಗಳು ದಾರಿಗೆ ಬಂದಿವೆ.

ಗೇರ್ ಬಿದ್ದ ಮೇಲೆ ಭಾರ ಬಂದ ಕೂಡಲೇ ಹಾರಿಹೋಗುವುದು ಹೆಚ್ಚು ಗಂಭೀರವಾದದ್ದು. ಏರಿನಲ್ಲಿ ಎರಡನೆಯ ಗೇರಿನಲ್ಲಿ ಆಕ್ಸಿಲರೇಟರ್ ತೆರೆದಾಗ ಟಕ್ಕೆಂದು ನ್ಯೂಟ್ರಲ್ಲಿಗೆ ಬೀಳುತ್ತದೆ. ಡಾಗ್‌ಗಳ ಮುಖವನ್ನು ಕೆಲವು ಡಿಗ್ರಿಯಷ್ಟು ಒಳವಾರೆಯಾಗಿ ಕಡೆದಿರುವುದರಿಂದ ಹೊಸದರಲ್ಲಿ ಭಾರ ಹೆಚ್ಚಿದಷ್ಟೂ ಅವು ಒಂದನ್ನೊಂದು ಒಳಕ್ಕೆ ಎಳೆದುಕೊಳ್ಳುತ್ತವೆ. ಅಂಚು ಸವೆದು ದುಂಡಗಾದ ಮೇಲೆ ಅದೇ ಭಾರ ಅವನ್ನು ಹೊರಕ್ಕೆ ತಳ್ಳುತ್ತದೆ. ಇದಕ್ಕೆ ಹೊರಗಿನಿಂದ ಯಾವ ಹೊಂದಾಣಿಕೆಯೂ ಇಲ್ಲ, ಯಾವ ದುಬಾರಿ ಎಣ್ಣೆಯೂ ಇಲ್ಲ, ಎಂಜಿನ್ ಬಿಚ್ಚಲೇಬೇಕು. ಬಿಚ್ಚಿದಾಗ ಸವೆದ ಚಕ್ರವನ್ನು ಮಾತ್ರ ಬದಲಿಸದೆ, ಅದರೊಂದಿಗೆ ಕಚ್ಚಿಕೊಳ್ಳುವ ಎದುರು ಚಕ್ರವನ್ನೂ ಬದಲಿಸಿ, ಫೋರ್ಕಿನ ತುದಿ ನೀಲಿಗಟ್ಟಿದೆಯೇ ಎಂದು ನೋಡಿಸಬೇಕು. ಗೇರ್ ಹಾರುವ ಬೈಕಿನಲ್ಲಿ ಘಾಟಿ ಇಳಿಯಬೇಡಿ. ಎಂಜಿನ್ನಿನ ಹಿಡಿತ ಯಾವ ತಿರುವಿನಲ್ಲಿ ಕೈಬಿಡುತ್ತದೆಂದು ಹೇಳಲಾಗದು.

ಕ್ಲಚ್ ಹಿಡಿದರೆ ಸಲೀಸು, ಬಿಟ್ಟರೆ ಮಾತ್ರ ಕಷ್ಟ

ಇದು ಬೈಕಿನ ದೋಷವಲ್ಲ, ಕೈಕಾಲುಗಳ ಹೊಂದಾಣಿಕೆಯದ್ದು. ಆಕ್ಸಿಲರೇಟರನ್ನು ನಿಧಾನವಾಗಿ ಮುಚ್ಚಿದರೆ ಸೊನ್ನೆಯ ಕ್ಷಣ ಕಾಲಿಗೆ ತಿಳಿಯುವ ಮೊದಲೇ ಕಳೆದು, ಚಕ್ರ ಎಂಜಿನ್ನನ್ನು ತಳ್ಳಲು ತೊಡಗಿ, ಡಾಗ್‌ಗಳು ಎದುರು ಬದಿಯಲ್ಲಿ ಮತ್ತೆ ಬಿಗಿಯುತ್ತವೆ. ಕೆಳಗಿನ ಗೇರಿಗೆ ಬರುವಾಗ ಕ್ರಮ ತಿರುಗುಮುರುಗು: ಆಕ್ಸಿಲರೇಟರ್ ಮುಚ್ಚಿ ಬೈಕ್ ನಿಧಾನವಾಗುತ್ತಿರುವಾಗ, ಲಿವರಿನ ಮೇಲೆ ಕಾಲಿಟ್ಟು ಒಂದು ಚಿಟಿಕೆ ರೈಸ್ ಮಾಡಿದರೆ ಗೇರ್ ಬೀಳುತ್ತದೆ.

ಈ ಪರೀಕ್ಷೆ ನಡೆಯದ ಬೈಕುಗಳು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿಗಳನ್ನು ಈಗಲೂ ಪ್ರೀತಿಯಿಂದ ಓಡಿಸುವವರು ಬಹಳ ಮಂದಿ ಇದ್ದಾರೆ. ಕಿಕ್ಕರೇ ಗೇರ್ ಲಿವರ್ ಆಗುವ ಆ ಬೈಕುಗಳಲ್ಲಿ ಗೇರ್ ಲಿವರನ್ನು ಒತ್ತಿದಾಗ ಒಳಗಿನ ಏರ್ಪಾಡೊಂದು ತಾನೇ ಕ್ಲಚ್ಚನ್ನು ಎತ್ತುತ್ತದೆ. ಆದ್ದರಿಂದ ಎಡಗೈ ಮುಟ್ಟದೆ ಗೇರ್ ಹಾಕಿದರೂ ಅಲ್ಲಿ ಕ್ಲಚ್ ಕೆಲಸ ಮಾಡುತ್ತಲೇ ಇರುತ್ತದೆ, ಗೇರ್ ಬಾಕ್ಸ್ ಒಂಟಿಯಾಗಿ ಸಿಗುವುದಿಲ್ಲ. ಯೆಜ್ಡಿಯಲ್ಲಿ ಕೈ ಕ್ಲಚ್ಚಿನಿಂದ ಗೇರ್ ಚೆನ್ನಾಗಿ ಬಿದ್ದು ಬರೀ ಕಾಲಿನಿಂದ ಕಷ್ಟವಾದರೆ, ಮೊದಲು ಕ್ಲಚ್ಚಿನ ಹೊಂದಾಣಿಕೆಯನ್ನೇ ನೋಡಿಸಬೇಕು.

ಕ್ವಿಕ್‌ಶಿಫ್ಟರ್ ಇರುವ ಈಚಿನ ಬೈಕುಗಳಲ್ಲಿ ಲಿವರಿನ ಒತ್ತಡವನ್ನು ಸೆನ್ಸರೊಂದು ಗ್ರಹಿಸಿ, ಸೆಕೆಂಡಿನ ನೂರರಲ್ಲಿ ಕೆಲವೇ ಭಾಗದಷ್ಟು ಹೊತ್ತು ಎಂಜಿನ್ನಿನ ಬಲವನ್ನು ಕಡಿಯುತ್ತದೆ. ನಾವು ಕೈಯಿಂದ ಮಾಡುವುದನ್ನೇ ಅದು ಚುರುಕಾಗಿ ಮಾಡುತ್ತದೆ. ಅಂಥ ಬೈಕು ಕ್ಲಚ್ ಇಲ್ಲದೆ ಎಡವಿದರೆ ಸೆನ್ಸರಿನ ಕನೆಕ್ಟರು, ಚೈನಿನ ಸಡಿಲ, ಲಿವರಿನ ಸರಳಿನ ಉದ್ದ ಇವನ್ನು ಪರಿಶೀಲಿಸಿ. ಕಂಪನಿ ಹೇಳಿದ ವೇಗ ಮತ್ತು ಸುತ್ತಿನ ಮಿತಿಗಿಂತ ಕೆಳಗೆ ಅದು ಕೆಲಸ ಮಾಡದಿರುವುದು ದೋಷವಲ್ಲ.

ವೈರ್ ತುಂಡಾದ ದಾರಿಯಲ್ಲಿ

ಕಡೆಯದಾಗಿ, ನನ್ನಂತೆ ನಡುದಾರಿಯಲ್ಲಿ ಸಿಕ್ಕಿಕೊಂಡವರಿಗೆ. ಇಳಿಜಾರಿದ್ದರೆ ನ್ಯೂಟ್ರಲ್ಲಿನಲ್ಲಿ ಎಂಜಿನ್ ಓಡಿಸಿ, ಬೈಕ್ ಜನ ನಡೆಯುವ ವೇಗಕ್ಕಿಂತ ತುಸು ಹೆಚ್ಚಿಗೆ ಉರುಳಿದಾಗ ಮೊದಲ ಗೇರಿಗೆ ಒತ್ತಿ. ಸಮತಟ್ಟಾಗಿದ್ದರೆ ತಳ್ಳಿ ಓಡಿ ಏರಬೇಕು. ಗೇರಿನಲ್ಲಿದ್ದಾಗಲೂ ಕ್ಲಚ್ ಹಿಡಿದರೆ ಸ್ಟಾರ್ಟ್ ಆಗುವ ಬೈಕುಗಳಲ್ಲಿ ಇನ್ನೊಂದು ಉಪಾಯವಿದೆ: ವೈರ್ ತುಂಡಾಗಿದ್ದರೂ ಲಿವರ್ ಒತ್ತಿದಾಗ ಅದರ ಬುಡದ ಸ್ವಿಚ್ ಒತ್ತಿಕೊಳ್ಳುವುದರಿಂದ, ಮೊದಲ ಗೇರಿನಲ್ಲಿಟ್ಟು ಸ್ಟಾರ್ಟರ್ ಒತ್ತಿದರೆ ಬೈಕ್ ಕುಪ್ಪಳಿಸಿ ಹೊರಡುತ್ತದೆ. ಮುಂದೆ ಜಾಗ ಖಾಲಿಯಿರಲಿ. ಸ್ಟಾರ್ಟರ್ ಮೋಟಾರಿಗೆ ಇದು ದೊಡ್ಡ ಭಾರವಾದ್ದರಿಂದ ಒಂದೆರಡು ಸಲಕ್ಕೆ ಮಿತಿಗೊಳಿಸಿ.

ಘಾಟಿಯಲ್ಲಿ ಎರಡನೆಯ ಗೇರನ್ನು ಹಿಡಿದರೆ ಬಯಲು ಸಿಗುವವರೆಗೂ ಅದನ್ನೇ ಇಟ್ಟುಕೊಳ್ಳಿ, ನ್ಯೂಟ್ರಲ್ಲಿನಲ್ಲಿ ಇಳಿಯಬೇಡಿ. ನಿಲ್ಲಿಸಬೇಕಾದಾಗ ಬೈಕ್ ಇನ್ನೂ ಉರುಳುತ್ತಿರುವಾಗಲೇ ಎರಡರಿಂದ ಅರ್ಧ ಒತ್ತಿ ನ್ಯೂಟ್ರಲ್ ಹುಡುಕಬೇಕು. ಸಿಗದಿದ್ದರೆ ಬ್ರೇಕ್ ಹಿಡಿದು ಎಂಜಿನ್ ಆರಲು ಬಿಡಿ, ಅದರಿಂದ ಹಾನಿಯಿಲ್ಲ. ಪೇಟೆಯ ಸಂದಣಿ ಕಂಡ ಕೂಡಲೇ ಇಳಿದು ತಳ್ಳಿ. ಹೊಸ ವೈರ್ ಹಾಕಿಸುವಾಗ ಇನ್ನೊಂದು ವೈರನ್ನೂ ಕೊಂಡು, ಹಾಕಿದ್ದರ ಪಕ್ಕದಲ್ಲಿಯೇ ಅದೇ ದಾರಿಯಲ್ಲಿ ಹಾಯಿಸಿ, ಎರಡೂ ತುದಿಗೆ ಪ್ಲಾಸ್ಟಿಕ್ ಕಟ್ಟಿ ಇಟ್ಟುಕೊಳ್ಳಿ. ಮುಂದಿನ ಸಲ ತುಂಡಾದಾಗ ತುದಿಗಳನ್ನು ಬದಲಿಸಿ ಸಿಕ್ಕಿಸಲು 10ರ ಮತ್ತು 12ರ ಪಾನಾ ಇದ್ದರೆ ಸಾಕಾಗುತ್ತದೆ.